ತಾಳಿಗೆ ಮೊದಲೇ ಕಳಿಸಿದ ಹೆಣ್ಣು

ನನ್ನ ಗೈಡು ತೀರಿಕೊಂಡು ಬಹಳ ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಐವತ್ತರ ದಶಕದ ಕೊನೆ. ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತ, ನಮ್ಮ ಸೀಮೆಯ ಸೋಬಾನೆ ಪದಗಳ ಮೇಲೆ ಪಿಎಚ್.ಡಿ.ಗೆ ಬರೆಯುತ್ತಿದ್ದೆ. ಡಾಕ್ಟರೇಟ್ ಸಿಕ್ಕರೆ ಕಾಲೇಜಿನಲ್ಲಿ ಕೆಲಸ, ಸಿಗದಿದ್ದರೆ ಮತ್ತೆ ಮಕ್ಕಳ ಸಂಧಿ ಸಮಾಸವೇ ಗತಿ. ಹಾಡುಗಳೆಲ್ಲ ಗುಂಡ್ಲುಪೇಟೆಯಲ್ಲಿದ್ದ ನಮ್ಮ ದೊಡ್ಡವ್ವನವು. ಸುಮ್ಮನೆ ಕೂತಲ್ಲಿ ಹಾಡು ಎಂದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಮದುವೆ ಮನೆಯಲ್ಲಿ, ಆಯಾ ಶಾಸ್ತ್ರದ ಹೊತ್ತಿಗೆ ಮಾತ್ರ ಹಾಡುವವಳು. ಹಾಗಾಗಿ ತೆರಕಣಾಂಬಿ, ಉಮ್ಮತ್ತೂರು ಎಂದು ಅವಳ ಸೆರಗು ಹಿಡಿದು ಮದುವೆಗಳಿಗೆ ಅಲೆದು, ಚಪ್ಪರದ ಕಂಬಕ್ಕೆ ಒರಗಿ ಬರೆದುಕೊಂಡೆ. ಅಧ್ಯಾಯಗಳನ್ನೂ ಮದುವೆ ನಡೆಯುವ ಕ್ರಮದಲ್ಲೇ ಮಾಡಿದೆ: ಚಪ್ಪರ, ಅರಿಸಿನ, ಧಾರೆ, ಹೆಣ್ಣೊಪ್ಪಿಸುವುದು, ಮನೆ ತುಂಬಿಸಿಕೊಳ್ಳುವುದು.

ಮೈಸೂರಿನಲ್ಲಿ ಗೈಡು ಹಾಳೆ ತಿರುವಿ ನಕ್ಕರು. "ಇದೇನಮ್ಮ, ಮಹಾಪ್ರಬಂಧವೋ ಮದುವೆ ಕರೆಯೋಲೆಯೋ? ರಸಗಳ ಪ್ರಕಾರ ವಿಂಗಡಿಸು. ಕರುಣರಸ ಮೊದಲಿರಲಿ, ಪರೀಕ್ಷಕರ ಕಣ್ಣಲ್ಲಿ ನೀರು ಬರಬೇಕು."

ಮದುವೆ ಅಡುಗೆಯನ್ನು ಉಪ್ಪು, ಹುಳಿ, ಖಾರ ಎಂದು ಬೇರೆ ಬೇರೆ ಎಲೆಗೆ ಬಡಿಸಿದ ಹಾಗೆ! ಆದರೆ ಸಹಿ ಹಾಕುವವರು ಅವರು. ಹಲ್ಲು ಕಚ್ಚಿಕೊಂಡು ರಜೆಯೆಲ್ಲ ಕೂತು ಇಡೀ ಪ್ರಬಂಧವನ್ನು ಕೈಯಾರೆ ಮತ್ತೆ ಬರೆದು ಒಪ್ಪಿಸಿದೆ.

ಮೌಖಿಕ ಪರೀಕ್ಷೆಗೆ ಮೊದಲು ಗಟ್ಟಿಯಾಗಿ ಓದಿ ಅಭ್ಯಾಸ ಮಾಡೋಣವೆಂದು ಗುಂಡ್ಲುಪೇಟೆಗೆ ಹೋದೆ. ದೊಡ್ಡವ್ವ ಜಗಲಿಯ ಮೇಲೆ ಈರುಳ್ಳಿ ಹರವಿ ಕೊಳೆತದ್ದನ್ನು ಆರಿಸುತ್ತಿದ್ದಳು. ಮೊದಲ ಅಧ್ಯಾಯದ ಹೆಣ್ಣೊಪ್ಪಿಸುವ ಪದ ಓದುತ್ತಿದ್ದಂತೆ ಅವಳ ಕೈ ನಿಂತಿತು.

"ಇದ್ಯಾಕಮ್ಮಿ ಇಂಗ್ ಮಾಡ್ಬುಟ್ಟೆ? ಇನ್ನೂ ಚಪ್ಪರನೇ ಆಕಿಲ್ಲ, ತಾಳಿ ಕಟ್ಟಿಲ್ಲ, ಆಗ್ಲೇ ಎಣ್ಣ ಕಳಿಸ್ಬುಟ್ಟಿದ್ದೀಯಲ್ಲ! ಯಾರ್ ಜೊತೆ ಓಗದು ಅವ್ಳು?"

"ಮೇಷ್ಟ್ರು ಹೇಳಿದ್ದು ದೊಡ್ಡವ್ವ. ಪ್ರಬಂಧ ಅಂದ್ರೆ ಹಂಗೇ ಇರ್ಬೇಕಂತೆ."

"ಅವ್ರಿಗ್ ಗೊತ್ತಿಲ್ಲ, ಸರಿ. ನಿಂಗ್ ಗೊತ್ತಿತ್ತಲ್ಲ ಕಣಮ್ಮಿ."

ಅವಳ ಮೇಲೂ ಸಿಟ್ಟು ಬಂತು. ಅವಳಿಗೇನು, ಒಂದು ಸಹಿಗಾಗಿ ಯಾರ ಮುಂದೆಯೂ ಕೈಕಟ್ಟಿ ನಿಂತವಳಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಪರೀಕ್ಷೆಯ ದಿನ, ಹೊರಗಿನಿಂದ ಬಂದಿದ್ದ ಪರೀಕ್ಷಕರು, ಮೆತ್ತಗಿನ ದನಿಯ ಮುದುಕರು, ಕೇಳಿದರು: "ಪದಗಳು ಚೆನ್ನಾಗಿವೆ. ಯಾವುದಾದ ಮೇಲೆ ಯಾವುದನ್ನು ಹಾಡುತ್ತಾರಮ್ಮ?"

ನಾನು ಉತ್ತರ ಕೊಡುವ ಮೊದಲೇ ಗೈಡು ಬಾಯಿ ಹಾಕಿದರು. "ಹಳ್ಳಿ ಹೆಂಗಸರು ಸಾರ್, ಬಾಯಿಗೆ ಬಂದದ್ದು ಹಾಡುತ್ತಾರೆ. ಅವರಿಗೆ ಕ್ರಮ ಎಲ್ಲಿಂದ ಬರಬೇಕು? ಅದನ್ನು ನಾವು ಕೊಟ್ಟಿದ್ದೇವೆ."

ಮೈಯೆಲ್ಲ ಉರಿದುಹೋಯಿತು. "ಕ್ರಮ ಇದೆ ಸಾರ್. ನಾನು ಬರೆದಿದ್ದೆ. ಇವರೇ ತೆಗೆಸಿದರು" ಎಂದುಬಿಟ್ಟೆ. ನಿಂತಲ್ಲೇ ಚಪ್ಪರದಿಂದ ಮನೆ ತುಂಬಿಸುವವರೆಗೆ ಒಂದೊಂದಾಗಿ ಹೇಳಿದೆ.

ಪದವಿ ಸಿಗಲಿಲ್ಲ. ಆ ಕ್ರಮದಲ್ಲೇ ತಿದ್ದಿ ಮತ್ತೆ ಒಪ್ಪಿಸಬೇಕೆಂದು ತೀರ್ಮಾನವಾಯಿತು. "ಬಾಯಿ ಮುಚ್ಚಿಕೊಂಡಿದ್ದರೆ ಇವತ್ತೇ ಡಾಕ್ಟರಾಗುತ್ತಿದ್ದೆ" ಎಂದು ಗೈಡು ಹೊರಗೆ ಬಂದು ಹಂಗಿಸಿದರು. ಕಾಲೇಜಿನ ಕೆಲಸವೂ ಬೇರೆಯವರ ಪಾಲಾಯಿತು.

ಮೊದಲು ಬರೆದಿದ್ದನ್ನೇ ಮತ್ತೊಮ್ಮೆ ಬರೆದೆ. ಈ ಸಲ ಡಾಕ್ಟರೇಟ್ ಬಂತು. ಪ್ರತಿಯನ್ನು ತೆಗೆದುಕೊಂಡು ಹೋಗಿ ದೊಡ್ಡವ್ವನ ಮುಂದೆ ಮೊದಲ ಹಾಳೆಯಿಂದ ಓದಿದೆ. ಮೊದಲ ಹಾಳೆ ಎಂದರೆ ಗೈಡಿನ ಪ್ರಮಾಣಪತ್ರ. ಮದುವೆಯ ಕ್ರಮದಲ್ಲಿ ಹಾಡುಗಳನ್ನು ಜೋಡಿಸುವ ಈ ಹೊಸ ವಿಧಾನ ತಮ್ಮ ಸೂಚನೆಯಂತೆ ರೂಪುಗೊಂಡದ್ದೆಂದು ಬರೆದು ಸಹಿ ಹಾಕಿದ್ದರು.

ದೊಡ್ಡವ್ವ ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದಳು.

"ಅವ್ರು ಯಾವ ಚಪ್ಪರದಡೀಲಿ ಕೂತಿದ್ರಮ್ಮಿ? ನಾ ನೋಡ್ಲೇ ಇಲ್ವಲ್ಲ."