ನಾವುಂದದ ಬಾಡಿಗೆ ಮನೆಯ ಪಟ ತೆಗೆಸಿದ್ದು

೧೯೯೩ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಮುಂಬೈಯ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವನು ದೋಸೆಕಲ್ಲಿಗೆ ಬಂದೆ, ಅಲ್ಲಿಂದ ಗಲ್ಲಾಪೆಟ್ಟಿಗೆಯವರೆಗೂ ಬಂದೆ. ಆ ದುಡಿಮೆಯಲ್ಲೇ ನಾವುಂದದ ಕಡಲ ಬದಿಯಲ್ಲಿ, ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡಲೆಂದು ಎರಡು ಕೋಣೆಯ ಮನೆ ಕಟ್ಟಿಸಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂದರೂ ಒಬ್ಬ ಗಿರಾಕಿಯೂ ಬರಲಿಲ್ಲ. ಹಬ್ಬ ಕಳೆದ ಮೇಲೆ ವಾಪಸು ಬರುತ್ತೀಯೋ, ಬೇರೆಯವರನ್ನು ಇಟ್ಟುಕೊಳ್ಳಲೋ ಎಂದು ಮುಂಬೈಯ ಧಣಿ ಫೋನ್ ಮಾಡಿ ಕೇಳಿದ್ದರು. ಹೆಂಡತಿ ಗುಲಾಬಿ ನನ್ನ ಬ್ಯಾಗನ್ನು ಅಟ್ಟಕ್ಕೆ ಹಾಕದೆ ಮಂಚದ ಕೆಳಗೇ ಇಟ್ಟಿದ್ದಳು.

ಪ್ರವಾಸಿಗಳು ಮನೆ ಹುಡುಕುವ ಮೊಬೈಲ್ ಆ್ಯಪಿನಲ್ಲಿ ಹಾಕಿದ ಪಟ ಚೆನ್ನಾಗಿಲ್ಲದಿದ್ದರೆ ಜನ ಬರುವುದಿಲ್ಲ ಎಂದು ನಾಲ್ಕು ಜನ ಹೇಳಿದರು. ಬ್ರಹ್ಮಾವರದ ಸುಜಾತ ಎಂಬವರು ಮದುವೆಯ ಪಟದ ಜೊತೆಗೆ ಇಂಥ ಮನೆಗಳ ಪಟವನ್ನೂ ತೆಗೆಯುತ್ತಾರೆಂದು ತಿಳಿದು, ಒಂದು ಮಂಗಳವಾರ ಬೆಳಿಗ್ಗೆ ಕುಂದಾಪುರದ ಬಸ್ಸು ಹತ್ತಿದೆ.

ಮರವಂತೆಯಲ್ಲಿ ಎಂದಿನಂತೆ ಕಾರುಗಳು ಸಾಲಾಗಿ ನಿಂತಿದ್ದವು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಜನ ಇಳಿದು ಪಟ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ನನ್ನ ಮನೆ ಅಲ್ಲಿಂದ ದೂರವೇನಲ್ಲ. ಕಿಟಕಿಯಿಂದ ಒಂದೊಂದು ಕಾರನ್ನೂ ನೋಡಿ ಹೊಟ್ಟೆ ಉರಿಯಿತು. ಕುಂದಾಪುರದಲ್ಲಿ ಬನ್ಸು ತಿಂದು ಚಾ ಕುಡಿದು ಉಡುಪಿಯ ಬಸ್ಸು ಹಿಡಿದೆ. ಕೋಟೇಶ್ವರ ದಾಟುವಾಗ ಸೆಕೆ ಶುರುವಾಗಿತ್ತು. ಬ್ರಹ್ಮಾವರದಲ್ಲಿ ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಸುಜಾತ ಅವರ ಸ್ಟುಡಿಯೋ. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ನಾನು ಹಾಕಿದ್ದ ಪಟಗಳನ್ನು ಒಂದೊಂದಾಗಿ ನೋಡಿದರು. ಎಲ್ಲವೂ ಮನೆ ಒಕ್ಕಲಿನ ದಿನದವು. ಚಾವಡಿಯಲ್ಲಿ ಹೋಮ, ಭಟ್ಟರು. ಅಡುಗೆಮನೆಯಲ್ಲಿ ಹಾಲು ಉಕ್ಕಿಸುವ ಗುಲಾಬಿ. ಮಲಗುವ ಕೋಣೆಯಲ್ಲಿ ಸಾಲಾಗಿ ನೆಂಟರು. ಮನೆಗೆ ಅದಕ್ಕಿಂತ ಒಳ್ಳೆಯ ದಿನ ಯಾವುದು ಎಂದು ಹುಡುಕಿ ಹುಡುಕಿ ಹಾಕಿದ್ದೆ.

"ಹ್ವಾಯ್ ಅಣ್ಣ, ಬಪ್ಪೋರಿಗೆ ಜಾಗ ಎಲ್ಲಿತ್ತ್? ಮಂಚದ್ ತುಂಬ ನಿಮ್ ಚಿಕ್ಕಮ್ಮಂದಿರೇ ಕೂಕಂಡಿದ್ರಲೆ," ಎಂದರು.

ನನಗೆ ಸ್ವಲ್ಪ ಚುರುಕ್ಕೆಂದಿತು. ಅವರೆಲ್ಲ ನಮ್ಮವರೇ, ಮನೆಗೆ ಶೋಭೆ ಎಂದೆ. ಅವರು ನಗಲಿಲ್ಲ. ನೆಂಟರ ಮನೆಯಲ್ಲಿ ಯಾರೂ ಬಾಡಿಗೆಗೆ ಇಳಿಯುವುದಿಲ್ಲ ಎಂದಷ್ಟೇ ಹೇಳಿ, ಬೀಜಾಡಿಯಲ್ಲಿ ಒಂದು ಕೆಲಸವಿದೆ, ಅದನ್ನು ಮುಗಿಸಿ ನಿಮ್ಮಲ್ಲಿಗೇ ಹೋಗುವ, ಬನ್ನಿ ಎಂದು ಕಾರು ತೆಗೆದರು.

ಬೀಜಾಡಿಯ ಮನೆಯಲ್ಲಿ ಅವರ ಕೆಲಸ ನೋಡಿದೆ. ಟ್ಯೂಬ್‌ಲೈಟು ಆರಿಸಿ ಕಿಟಕಿಗಳನ್ನೆಲ್ಲ ತೆರೆದರು. ನಿಂತು ತೆಗೆಯುವ ಬದಲು ನೆಲಕ್ಕೆ ಮಂಡಿಯೂರಿದರು. ಕೂತವನ ಕಣ್ಣಿಗೆ ಕೋಣೆ ಹೇಗೆ ಕಾಣುತ್ತದೋ ಹಾಗೆ. ಬಿಸಿಲು ಬೇಕಾದಲ್ಲಿಗೆ ಬರುವವರೆಗೆ ಕ್ಯಾಮೆರಾ ಮುಟ್ಟದೆ ಕಾದರು. ಕಲ್ಲು ಹದವಾಗಿ ಕಾಯುವ ತನಕ ಹಿಟ್ಟು ಹೊಯ್ಯದ ದೋಸೆ ಭಟ್ಟರನ್ನು ನಾನು ಮುಂಬೈಯಲ್ಲಿ ಕಂಡಿದ್ದೇನೆ. ಇದೂ ಅದೇ ಜಾತಿಯ ಕೆಲಸ.

ಆ ಮನೆಯ ಯಜಮಾನರಿಗೆ ಒಂದೇ ಆಸೆ: ಕಡಲು ಬಾಗಿಲಲ್ಲೇ ಇರುವಂತೆ ಕಾಣಬೇಕು. ನಡುವೆ ತೆಂಗಿನ ತೋಟವಿದೆ. ಟೆರೇಸಿನಿಂದ ಕ್ಯಾಮೆರಾದಲ್ಲೇ ಎಳೆದು ಹತ್ತಿರ ಮಾಡಿ ಎಂದು ಹಠ ಹಿಡಿದರು.

"ಅದ್ ಆತಿಲ್ಲೆ. ನಂಬಿ ಬಂದೋರ್ ನಿಮ್ಗೇ ಬೈಕಂಡ್ ಹೋತ್ರ್. ನಡ್ಕಂಡ್ ಹೋಪ ದಾರಿದೇ ಪಟ ತೆಗಿತೆ, ಕಾಣಿ," ಎಂದರು ಸುಜಾತ.

ತೆಗೆದರು. ಮರಳಿನ ಕಾಲುದಾರಿ, ಎರಡೂ ಬದಿ ನೇರಳೆ ಹೂವಿನ ಬಳ್ಳಿ, ಕೊನೆಯಲ್ಲಿ ಒಂದು ಗೆರೆಯಷ್ಟು ಕಡಲು. ಮುಖ ಊದಿಸಿಕೊಂಡಿದ್ದ ಯಜಮಾನರು ಅದನ್ನು ನೋಡಿ, ಇದನ್ನೇ ಮೊದಲು ಹಾಕುವ ಎಂದರು.

ನಾವುಂದ ಮುಟ್ಟುವಾಗ ಬಿಸಿಲು ವಾಲಿತ್ತು. ಪಟ ತೆಗೆಯಲು ಬರುತ್ತೇವೆಂದು ನಾನು ಫೋನ್ ಮಾಡಿದ್ದೇ ತಪ್ಪಾಯಿತು. ಗುಲಾಬಿ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ನಿಂತಿದ್ದಳು. ಆಚೆಮನೆಯ ನನ್ನ ಅಕ್ಕ, ಭಾವ, ಅವರ ಸೊಸೆಯಂದಿರು ಮೆಟ್ಟಿಲ ಮೇಲೆ ಎತ್ತರಕ್ಕೆ ತಕ್ಕಂತೆ ಸಾಲಾಗಿದ್ದರು. ಎಲ್ಲರೂ ಸ್ವಲ್ಪ ಹೊರಗಿರಬೇಕು ಎಂದು ಸುಜಾತ ಹೇಳಿದಾಗ ಗುಲಾಬಿಯ ಮುಖ ಬಾಡಿತು.

"ನಮ್ ಮನಿ ಪಟದಗೆ ನಾವೇ ಇಪ್ಕಾಗ್ದಾ?" ಎಂದು ನನ್ನ ಕಡೆ ತಿರುಗಿದಳು.

ಸುಜಾತ ವಾದ ಮಾಡಲಿಲ್ಲ. ಕೋಣೆಯ ಬಾಗಿಲಲ್ಲಿ ಕ್ಯಾಮೆರಾ ನಿಲ್ಲಿಸಿ, "ಅಕ್ಕ, ನೀವೇ ಒಂದ್ಸಲ ಕಾಣಿ," ಎಂದರು. ಗುಲಾಬಿ ಬಗ್ಗಿ ನೋಡಿದಳು. ಖಾಲಿ ಮಂಚ, ತೆರೆದ ಕಿಟಕಿ, ಗೋಡೆಯ ಮೇಲೆ ಸಂಜೆಯ ಬಿಸಿಲು. ಆಮೇಲೆ ಸೀದಾ ಒಳಗೆ ಹೋಗಿ, ಹೊಸದೆಂದು ತಿಳಿಯಲಿ ಅಂತ ನಾನೇ ಬಿಟ್ಟಿದ್ದ ಹಾಸಿಗೆಯ ಪ್ಲಾಸ್ಟಿಕ್ಕನ್ನು ಪರಪರ ಹರಿದು ತೆಗೆದಳು.

"ಇದ್ ಇದ್ರೆ ಆಸ್ಪತ್ರಿ ಕಂಡಂಗ್ ಕಾಣತ್ತ್," ಎಂದವಳೇ ಹೊಸ ಚಾದರ ಹಾಸಿ, ಮೆಟ್ಟಿಲ ಮೇಲಿದ್ದ ಅಕ್ಕ ಭಾವನವರನ್ನೆಲ್ಲ ಚಾ ಕೊಡುವ ನೆಪದಲ್ಲಿ ಹಿತ್ತಲಿಗೆ ಸಾಗಿಸಿದಳು. ಭಾವ ಮಾತ್ರ, ಮನೆ ಕಟ್ಟುವಾಗ ಕಲ್ಲು ಹೊರಲು ನಾನು ಬೇಕಿತ್ತು, ಪಟಕ್ಕೆ ಬೇಡವೋ ಎಂದು ದಾರಿಯುದ್ದಕ್ಕೂ ಗೊಣಗಿದರು.

ಕತ್ತಲಾಗುವ ಮೊದಲು ಸುಜಾತ ಕೆಲಸ ಮುಗಿಸಿದರು. ಹೊರಡುವಾಗ ನಾನು ಅಂಗಳದ ತುದಿಯವರೆಗೆ ಹೋದೆ. ಅಲ್ಲಿಂದ ತಿರುಗಿ ನೋಡಿದರೆ ಮನೆ ನನ್ನದೇ, ಆದರೂ ಮೊದಲ ಸಲ ನೋಡಿದಂತಾಯಿತು. ಅಂಥ ಕಣ್ಣು ಅವರದು.

ಪಟ ಹಾಕಿದ ವಾರದಲ್ಲೇ ಹುಬ್ಬಳ್ಳಿಯಿಂದ ಫೋನ್ ಬಂತು. ಬಿಸಿಲು ಬೀಳುವ ಆ ಕೋಣೆಯೇ ಬೇಕು ಎಂದರು. ಅವರು ಬಂದು ಎರಡು ರಾತ್ರಿ ಉಳಿದು ಹೋದ ಮೇಲೆ ಮುಂಬೈಗೆ ಫೋನ್ ಮಾಡಿ, ಬೇರೆ ಜನ ನೋಡಿಕೊಳ್ಳಿ ಎಂದು ಧಣಿಗೆ ಹೇಳಿದೆ.

ಈಗ ನನ್ನಲ್ಲಿರುವುದು ಎರಡು ಕೋಣೆ, ಒಂದು ಚಾವಡಿ, ಒಂದು ಬಾವಿ, ಏಳು ತೆಂಗಿನ ಮರ, ಕ್ರಿಸ್‌ಮಸ್ ರಜೆಗೆ ಬರುತ್ತೇವೆಂದ ಮೂರು ಕುಟುಂಬ. ನೋಡಿಕೊಳ್ಳಲು ಊರಲ್ಲೇ ಇಬ್ಬರು, ಗುಲಾಬಿ ಮತ್ತು ನಾನು.