ಆಬ್ನರನ ಮೋಟಾರಿನ ಕೆಮ್ಮು

ನಮ್ಮ ಹೆಡ್ಲೀಗೆ ಕೆಟ್ಟ ಸದ್ದು ಕಂಡರೆ ಆಗುತ್ತಿರಲಿಲ್ಲ. ಚರ್ಚಿನಲ್ಲಿ ನಾನು ಅಪಸ್ವರ ಎಳೆದರೂ ಸಹಿಸಿಕೊಂಡಾನು, ಕೊಲ್ಲಿಯಲ್ಲಿ ಯಾರದಾದರೂ ದೋಣಿಯ ಮೋಟಾರು ತಡವರಿಸಿದರೆ ತಿನ್ನುತ್ತಿದ್ದ ಉಪ್ಪುಮೀನು ಬಿಟ್ಟು ಎದ್ದು ಹೋಗುತ್ತಿದ್ದ. ಯಾರೂ ಕರೆಯಬೇಕಾಗಿರಲಿಲ್ಲ. ದೋಣಿ ಕಟ್ಟುವ ಧಕ್ಕೆಗೆ ಬಂದು "ಮುಚ್ಚಳ ತೆಗಿ" ಎಂದರೆ ಅದೇ ಅವನ ನಮಸ್ಕಾರ. ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಗೆ ರಸ್ತೆಯೇ ಇಲ್ಲ. ಮೋಟಾರು ನಿಂತರೆ ಮನೆಯೇ ನಿಂತ ಹಾಗೆ. ಹಾಗಾಗಿ ಅವನ ಒರಟು ಬಾಯನ್ನು ಎಲ್ಲರೂ ಸಹಿಸಿಕೊಂಡಿದ್ದರು. ಮದುವೆ ಮಾತ್ರ ಆಗಲಿಲ್ಲ. ಹರೆಯದಲ್ಲಿ ಒಬ್ಬಳ ಮನೆಗೆ ದಿನವೂ ಓಡಾಡುತ್ತಿದ್ದ, ಅವಳಪ್ಪನ ಮೋಟಾರು ಸರಿಹೋದ ಮೇಲೆ ಹೋಗುವುದನ್ನೇ ಮರೆತ.

ಊರಿಗೆಲ್ಲ ರಿಪೇರಿ ಮಾಡುವವನಿಗೆ ಒಂದೇ ಒಂದು ಮೋಟಾರನ್ನು ಮುಟ್ಟಲು ಅಪ್ಪಣೆ ಇರಲಿಲ್ಲ. ಅದು ಅವನ ಅಣ್ಣ ಆಬ್ನರನದು. ಹಳೆಯ ಕಾಲದ್ದು. ವೇಗವಾಗಿ ಓಡುವಾಗ ಚೆನ್ನಾಗಿಯೇ ಇರುತ್ತಿತ್ತು, ಮನೆಗೆ ಮರಳುವಾಗ ಬಂಡೆಯ ತಿರುವಿನಲ್ಲಿ ವೇಗ ಇಳಿಸಿದನೋ, ಶುರು: ಡುಗುಡುಗು, ಖೊಕ್, ಡುಗುಡುಗು, ಖೊಕ್ ಖೊಕ್.

"ನನ್ ಮಾನ ಕಳೀತಿದೀಯ ಕಣೋ," ಎಂದು ಹೆಡ್ಲೀ ಜಗಳ ತೆಗೆಯುತ್ತಿದ್ದ. "ಊರೋರ್ದೆಲ್ಲ ಸರಿ ಮಾಡ್ತಾನೆ, ಸ್ವಂತ ಅಣ್ಣಂದು ಕ್ಷಯ ಬಂದೋರ್ ಥರ ಕೆಮ್ಮುತ್ತೆ ಅಂತಾರೆ. ಒಂದ್ ಮಧ್ಯಾಹ್ನ ಕೊಡು ಸಾಕು."

"ಕೆಮ್ಲಿ ಬಿಡೋ ಮಾರಾಯ. ಆ ಕೆಮ್ಮು ಕೇಳಿದ್ರೇನೇ ಡ್ರೂಸೀ ಕೆಟಲ್ ಇಡೋದು. ನೀನ್ ಸರಿ ಮಾಡ್ಬಿಟ್ರೆ ನಂಗೆ ಚಾ ಯಾರ್ ಕೊಡ್ತಾರೆ, ನಮ್ಮಜ್ಜಿನಾ?"

ಹೆಡ್ಲೀ ಅದನ್ನು ತಮಾಷೆ ಎಂದುಕೊಂಡ. ತಮಾಷೆಯಾಗಿರಲಿಲ್ಲ. ಇಲ್ಲಿನ ಹೆಂಗಸರಿಗೆಲ್ಲ ತಮ್ಮ ತಮ್ಮ ಗಂಡಂದಿರ ಮೋಟಾರಿನ ಸದ್ದು ಗೊತ್ತು. ಮಂಜು ಕವಿದ ದಿನ ಕಣ್ಣಿಗೆ ಏನೂ ಕಾಣದು, ಕಿವಿಯೇ ಕಾಯಬೇಕು. ಪಕ್ಕದ ಮನೆಯವಳಾದ ನನಗೇ ಆ ಕೆಮ್ಮು ಬಾಯಿಪಾಠವಾಗಿತ್ತು ಎಂದಮೇಲೆ ಅವನ ಹೆಂಡತಿ ಡ್ರೂಸೀಯ ಮಾತೇನು!

ಒಂದು ಶರತ್ಕಾಲ ಆಬ್ನರನಿಗೆ ಎದೆ ನೋವು ಬಂತು. ಫೆರ್ರಿ ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದವನು ಅದೇ ಫೆರ್ರಿಯಲ್ಲಿ ಶವಪೆಟ್ಟಿಗೆಯಲ್ಲಿ ಬಂದ. ದೋಣಿಯನ್ನು ದಡಕ್ಕೆಳೆದು ಮಗುಚಿ ಹಾಕಿದರು, ಮೋಟಾರು ಕೊಟ್ಟಿಗೆ ಸೇರಿತು. ಎರಡು ಚಳಿಗಾಲ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಆಮೇಲೆ ಒಂದು ಭಾನುವಾರ ಊಟದ ಮೇಜಿನಲ್ಲಿ ಡ್ರೂಸೀ ಮೈದುನನ ತಟ್ಟೆಗೆ ಬಡಿಸುತ್ತ, "ಹೆಡ್ಲೀ, ಅವ್ನ ಮೋಟಾರ್ ಶುರು ಮಾಡು," ಎಂದಳು.

"ಯಾಕೆ, ಮೀನಿಗ್ ಹೋಗ್ತೀಯಾ?"

"ಅವ್ನು ಮನೆಗ್ ಬಂದಿದ್ದು ನಂಗೆ ಕೇಳಿಸ್ಲೇ ಇಲ್ವಲ್ಲೋ. ಫೆರ್ರಿ ಸದ್ದು ಕೇಳ್ದೆ, ಅಷ್ಟೆ. ಒಂದೇ ಒಂದ್ಸಲ ಆ ತಿರುವಲ್ಲಿ ಅವ್ನು ಬರೋದು ಕೇಳ್ಬೇಕು ನಂಗೆ. ಆಮೇಲೆ ಅದನ್ನ ಏನಾದ್ರೂ ಮಾಡ್ಕೊ."

ಹೆಡ್ಲೀ ಆಗಲೆಂದು ತಲೆಯಾಡಿಸಿದ.

ಮರುದಿನವೇ ಕೆಲಸ ಹಿಡಿದ. ಹೊಸ ಪೆಟ್ರೋಲು ಹಾಕಿ, ಹಗ್ಗ ಎಳೆದ. ಮೋಟಾರು ಹೊತ್ತಿಕೊಂಡು ತಕ್ಷಣ ಸತ್ತಿತು. ಪ್ಲಗ್ಗಿನಲ್ಲಿ ಕಿಡಿ ಚೆನ್ನಾಗಿತ್ತು. ಪೆಟ್ರೋಲು ಪೈಪಿನ ನಡುವಿನ ರಬ್ಬರ್ ಉಂಡೆ ಹಿಸುಕಿದರೆ ಗಟ್ಟಿಯಾಗಿಯೇ ಇತ್ತು. ಚೋಕ್ ಎಳೆದು ಗಾಳಿ ಕಟ್ಟಿದರೆ ಸ್ವಲ್ಪ ಹೊತ್ತು ಬದುಕುತ್ತಿತ್ತು, ಬಿಟ್ಟರೆ ಸಾಯುತ್ತಿತ್ತು. "ಗಾಳಿ ಹೋಗ್ತಿದೆ, ಪೆಟ್ರೋಲ್ ಹೋಗ್ತಿಲ್ಲ. ಕಾರ್ಬುರೇಟರ್ ಗಂಟ್ಲು ಕಟ್ಟಿದೆ," ಎಂದು ನನಗೆ ಹೇಳಿದ. ನಾನು ಕೇಳಿರಲಿಲ್ಲ, ಆದರೂ ಹೇಳಿದ.

ಬಿಚ್ಚಿದರೆ ಒಳಗಿನ ಬಟ್ಟಲಿನಲ್ಲಿ ಹಳೆಯ ಪೆಟ್ರೋಲು ಒಣಗಿ ಅಂಟಾಗಿತ್ತು. ಸಣ್ಣ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಬಟ್ಟಲಿನಲ್ಲಿ ತೇಲುತ್ತ ಪೆಟ್ರೋಲಿನ ಮಟ್ಟ ಕಾಯಬೇಕಾದ ಬೆಂಡಿನ ತುಂಡು ವರ್ಷಾನುಗಟ್ಟಲೆ ಪೆಟ್ರೋಲು ಕುಡಿದು ಭಾರವಾಗಿತ್ತು. ಆಬ್ನರನ ಕಾಲದಲ್ಲಿ ಅದು ಸರಿಯಾಗಿ ತೇಲದೆ ಒಳಗೆ ಪೆಟ್ರೋಲು ಉಕ್ಕುತ್ತಿತ್ತು. ವೇಗ ಇಳಿಸಿದಾಗ ಅದು ಮೋಟಾರಿನ ಗಂಟಲಿಗೆ ಸಿಕ್ಕುತ್ತಿತ್ತು, ಕೆಮ್ಮು ಬರುತ್ತಿತ್ತು. ಇಷ್ಟು ವರ್ಷ ಅಣ್ಣ ಮುಟ್ಟಲು ಬಿಡದ ರೋಗ ಕೊನೆಗೂ ಕೈಗೆ ಸಿಕ್ಕಿತ್ತು. ಬೆಂಡು ಅವನ ಬೆರಳಲ್ಲೇ ಪುಡಿಯಾಯಿತು. ಅವನು ಕೈ ಒರೆಸಿಕೊಂಡು ಹೊಸದೊಂದು ಪ್ಲಾಸ್ಟಿಕ್ಕಿನ ಫ್ಲೋಟು ಹಾಕಿದ, ತೂತುಗಳನ್ನೆಲ್ಲ ತೊಳೆದು ಗಾಳಿ ಊದಿದ. ಅಷ್ಟು ಖುಷಿಯಾಗಿ ಅವನನ್ನು ನಾನು ಎಂದೂ ನೋಡಿರಲಿಲ್ಲ. ಅಣ್ಣನಿಗೆ ಕೊನೆಯದೊಂದು ಸೇವೆ ಮಾಡಿದೆ ಎಂದುಕೊಂಡಿದ್ದ, ಪಾಪ.

ಸಂಜೆ ದೋಣಿ ನೀರಿಗಿಳಿಸಿ ತಿರುವಿನ ಆಚೆ ಹೋದ. ಡ್ರೂಸೀ ಅಡುಗೆಮನೆ ಕಿಟಕಿ ತೆರೆದು ನಿಂತಳು, ನಾನು ಪಕ್ಕದಲ್ಲಿ. ದೋಣಿ ಸೊಗಸಾಗಿ ತಿರುಗಿತು. ಒಂದು ತಡವರಿಕೆ ಇಲ್ಲ, ಬೆಣ್ಣೆಯಂಥ ಸದ್ದು. ಡ್ರೂಸೀ ಇನ್ನೂ ಕಾಯುತ್ತಲೇ ಇದ್ದಳು.

"ಅದ್ಯಾರ್ದೇ ದೋಣಿ?" ಎಂದು ನನ್ನನ್ನೇ ಕೇಳಿದಳು.

ನಾನು ದೋಣಿಯಲ್ಲಿದ್ದ ಹೆಡ್ಲೀಯ ಕಡೆ ಬೆರಳು ತೋರಿಸಿದೆ. ಅವಳಿಗೆ ಅರ್ಥವಾಯಿತು. ಕಿಟಕಿ ಮುಚ್ಚಿ ಹೋಗಿ ಕುರ್ಚಿಯಲ್ಲಿ ಕುಳಿತಳು. ಹೆಡ್ಲೀ ಹಲ್ಲು ಕಿರಿಯುತ್ತ ಧಕ್ಕೆಗೆ ಬಂದರೆ ಹಗ್ಗ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ.

ಅವಳು ಕಾದಿದ್ದು ಆ ಕೆಮ್ಮಿಗೇ ಎಂದು ನಾನೇ ಹೇಳಬೇಕಾಯಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಕೊಟ್ಟಿಗೆಗೆ ಓಡಿಹೋಗಿ ನೆಲದ ಮೇಲೆ ಆ ಬೆಂಡಿನ ಪುಡಿ ಹುಡುಕಿದ. ಹುಡುಕಿ ಏನು ಮಾಡುತ್ತಾನೆ?

ಅವತ್ತಿನಿಂದ ಆ ಮೋಟಾರನ್ನು ಕೆಡಿಸುವುದೇ ಅವನ ಕೆಲಸವಾಯಿತು. ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚು ಮಾಡಿದ, ಫ್ಲೋಟಿನ ತೋಳು ಬಗ್ಗಿಸಿದ, ತೂತಿಗೆ ಕಸ ತುರುಕಿದ. ಮೋಟಾರು ಕೆಮ್ಮುತ್ತಿತ್ತು ನಿಜ, ಯಾರದೋ ಕೆಮ್ಮು. ದಿನಾ ಸಂಜೆ ತಿರುವು ಸುತ್ತಿ ಬಂದು ದೋಣಿಯಿಂದಲೇ ಕಿಟಕಿ ನೋಡುತ್ತಿದ್ದ. ದಿನಾ ಡ್ರೂಸೀ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಬೇಸಿಗೆಯೆಲ್ಲ ಹೀಗೇ ಹೋಯಿತು. ಅವನು ಊಟ ಬಿಟ್ಟ, ಬೇರೆಯವರ ಮೋಟಾರು ಮುಟ್ಟುವುದನ್ನೂ ಬಿಟ್ಟ.

ಅವನು ಹಾಗೆ ಸುತ್ತಿ ಬಂದ ಕೊನೆಯ ದಿನ ನೆಲದ ಕಡೆಯಿಂದ ಸಮುದ್ರಕ್ಕೆ ಜೋರು ಗಾಳಿ. ನಮ್ಮ ಕಿಟಕಿಗಳು ಗಡಗಡ ಎನ್ನುತ್ತಿದ್ದವು. ದೋಣಿ ತಿರುಗಿದ್ದು ಕಂಡಿತೇ ಹೊರತು ಸದ್ದೆಲ್ಲ ಗಾಳಿಯ ಜೊತೆ ಆಚೆಗೇ ಹೋಯಿತು. ಡ್ರೂಸೀ ಶಾಲು ಹೊದ್ದು ಧಕ್ಕೆಗೆ ಇಳಿದಳು, ಹಿಂದೆಯೇ ನಾನೂ. ಗಂಡನಿಗೆ ಮಾಡುತ್ತಿದ್ದಂತೆ ಕೈಚಾಚಿ ಹಗ್ಗ ಹಿಡಿದಳು.

"ಇವತ್ತು ಬಂತು ಕಣೋ ಹೆಡ್ಲೀ. ಥೇಟ್ ಅವ್ನೇ. ಕೇಳ್ದೆ. ಸಾಕು, ಇನ್ ಮೇಲಕ್ ಬಾ."

ಹೆಡ್ಲೀ ಮನೆಗಳ ಹೊಗೆಯ ಕಡೆ ನೋಡಿದ. ಅದೆಲ್ಲ ಅಡ್ಡಡ್ಡ ಮಲಗಿ ಸಮುದ್ರಕ್ಕೆ ಹೋಗುತ್ತಿತ್ತು. ಗಾಳಿ ಎತ್ತ ಬೀಸುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು."

ಅವನು ದೋಣಿಯಲ್ಲೇ ಕುಸಿದು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. "ಅವ್ನನ್ನ ನಾನೇ ಸರಿ ಮಾಡ್ಬಿಟ್ಟೆ ಡ್ರೂಸೀ. ಇಷ್ಟ್ ಚೆನ್ನಾಗ್ ಸರಿ ಮಾಡ್ಬಿಟ್ಟೆ."

ಡ್ರೂಸೀ ಹಗ್ಗ ಕಟ್ಟುವುದನ್ನು ಮರೆತು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.