ಕೊಸರಿಲ್ಲದ ಅಂಗಡಿಯಲ್ಲಿ ದಾಕ್ಷಾಯಣಮ್ಮ

ಸಿರುಗುಪ್ಪದಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಮುಹೂರ್ತ ಕೇಳಲು ಮಠದ ಅಯ್ಯನವರ ಹತ್ತಿರ ಹೋಗುತ್ತಿದ್ದರು, ಜವಳಿ ತರಲು ದಾಕ್ಷಾಯಣಮ್ಮನ ಹತ್ತಿರ ಬರುತ್ತಿದ್ದರು. ಮುಹೂರ್ತವನ್ನಾದರೂ ಹಿಂದೆ ಮುಂದೆ ಮಾಡಿಕೊಳ್ಳಬಹುದಿತ್ತು. ದಾಕ್ಷಾಯಣಮ್ಮನಿಗೆ ಬಿಡುವಿಲ್ಲವೆಂದರೆ ಬಳ್ಳಾರಿಗೆ ಗಾಡಿ ಕಟ್ಟುವ ಮಾತೇ ಇರಲಿಲ್ಲ.

ಆಕೆಯ ಗಂಡ ನದಿಯ ಕಡೆಯ ಬತ್ತದ ಗದ್ದೆ ನೋಡಿಕೊಂಡಿದ್ದ ಮೆದು ಮನುಷ್ಯ. ಸಂತೆಯಲ್ಲಿ ಕೇಳಿದಷ್ಟು ಕೊಟ್ಟು ಬರುವವನು. ಆ ಮನೆತನದ ಪಾಲಿನ ಚೌಕಾಸಿಯನ್ನೆಲ್ಲ ದೇವರು ಹೆಂಡತಿಗೇ ಕೊಟ್ಟಿದ್ದ. ತವರೂರು ಕುರುಗೋಡಿನಲ್ಲಿ ಲಂಗ ಉಟ್ಟು ತಿರುಗುವ ವಯಸ್ಸಿನಲ್ಲೇ ಆಕೆ ಬಳೆಗಾರನನ್ನು ಅಳಿಸಿದ್ದಳು ಎಂದು ಅಲ್ಲಿಯವರು ಈಗಲೂ ಹೇಳುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಅದೊಂದು ವಿದ್ಯೆಯೇ ಆಗಿತ್ತು. ಬೇಕಾದ ಸೀರೆಯನ್ನು ಆಕೆ ಮೊದಲು ನೋಡುತ್ತಲೇ ಇರಲಿಲ್ಲ. ಬೇಡದ್ದನ್ನು ಹತ್ತು ಬಿಚ್ಚಿಸಿ, ಬೇಕಾದ್ದಕ್ಕೆ ಹೆಸರಿಟ್ಟು, ಅಂಗಡಿಯವನ ತಂದೆ ಎಂಥ ಧರ್ಮಾತ್ಮನಾಗಿದ್ದ ಎಂದು ನೆನೆದು ನಿಟ್ಟುಸಿರಿಟ್ಟು, ಕಡೆಗೆ ಎದ್ದು ಹೊರಡುತ್ತಿದ್ದಳು. ಆ ಹೊರಡುವುದೇ ನೋಡಬೇಕಾದ್ದು. ಸೆರಗು ಸರಿಮಾಡಿಕೊಳ್ಳುವುದು, ಕಾಲ ಮುಂದೆಯೇ ಇರುವ ಚಪ್ಪಲಿ ಹುಡುಕುವುದು, ಮೆಟ್ಟಿಲ ಮೇಲೆ ಸೊಂಟ ಹಿಡಿದು ನಿಲ್ಲುವುದು. ಅಷ್ಟರಲ್ಲಿ ಒಳಗಿನಿಂದ ಕೂಗು ಬರಲೇಬೇಕು: "ಬರ್ರಿ ಅಕ್ಕಾರ, ನಿಮಗ ಇಲ್ಲ ಅಂತೀನೇನು!"

ಹೀಗೆ ಹೆಚ್ಚಾಗಿ ಕೂಗುತ್ತಿದ್ದವನು ಬಳ್ಳಾರಿಯ ಬ್ರೂಸ್ ಪೇಟೆಯ ಜವಳಿ ವ್ಯಾಪಾರಿ ಚಿದಾನಂದಪ್ಪ. ಬೆಲೆ ಕುದುರಿದ ಮೇಲೆ ಕೊಸರು ಬೇರೆ. ಗಜಕ್ಕೆ ಮೇಲೊಂದು ಗೇಣು, ಸೀರೆಗೆ ಒಂದು ಕುಬಸದ ಖಣ, ಎಲೆ ಅಡಿಕೆ, ಬಿಸಿಲಿದ್ದರೆ ಮಜ್ಜಿಗೆ. ಆ ಖಣ ಕೈಗೆ ಬಂದಾಗ ಆಗುತ್ತಿದ್ದ ಸುಖ ಆಕೆಗೆ ಸೀರೆ ಉಟ್ಟಾಗಲೂ ಆಗುತ್ತಿರಲಿಲ್ಲ.

ಬಳ್ಳಾರಿಗೆ ರೈಲು ಬಂದು ಎಷ್ಟೋ ವರ್ಷಗಳಾದ ಮೇಲೆ ಮದರಾಸಿನ ಕಂಪನಿಯೊಂದು ಕಂಟೋನ್ಮೆಂಟಿಗೆ ಹೋಗುವ ರಸ್ತೆಯಲ್ಲಿ ಅಂಗಡಿ ತೆರೆಯಿತು. ಗುಂತಕಲ್ಲಿನಲ್ಲೂ ಆದವಾನಿಯಲ್ಲೂ ಕಡಪದಲ್ಲೂ ಅದೇ ಕಂಪನಿಯ ಅಂಗಡಿ. ಅದೇ ಹಸಿರು ಬಾಗಿಲು, ಸೀರೆ ಛತ್ರಿ ದೀಪಗಳ ಅದೇ ಮಾಲು, ಅದೇ ಬೆಲೆ. ಪ್ರತಿ ಸೀರೆಗೂ ಒಂದು ಚೀಟಿ ಅಂಟಿಸಿರುತ್ತಿದ್ದರು. ಅದರಲ್ಲಿ ಬರೆದಷ್ಟು ಕೊಟ್ಟು ತೆಗೆದುಕೊಂಡು ಹೋಗುವುದು, ಅಷ್ಟೇ.

ನೆರೆಮನೆಯ ವೀರಭದ್ರಮ್ಮ ಮಗಳ ಮದುವೆಯ ಜವಳಿಗೆಂದು ದಾಕ್ಷಾಯಣಮ್ಮನನ್ನು ಬಳ್ಳಾರಿಗೆ ಕರೆದುಕೊಂಡು ಬಂದಾಗ, "ಆ ಕಂಪನಿ ಅಂಗಡಿ ಒಂದೀಟು ನೋಡೂನು ನಡಿಯಕ್ಕಾ" ಎಂದಳು. ನೋಡೋಣ ಎಂದಳು ದಾಕ್ಷಾಯಣಮ್ಮ. ಹೊಸ ವೈರಿ ಸಿಕ್ಕಿದ ಪೈಲ್ವಾನನ ಹಾಗೆ ಆಕೆಯ ಕೈ ಜುಂ ಎನ್ನುತ್ತಿತ್ತು.

ಒಳಗೆ ಕೂರಲು ಜಮಖಾನೆ ಇರಲಿಲ್ಲ. ಉದ್ದನೆಯ ಮೇಜಿನ ಆಚೆ ಕೋಟು ತೊಟ್ಟು, ಹಣೆಗೆ ಅಂಗಾರ ಅಕ್ಷತೆ ಇಟ್ಟ ಗುಮಾಸ್ತ ರಾಘಣ್ಣ ನಿಂತಿದ್ದ. ಎಳೆಯ ವಯಸ್ಸು; ಮುಖದಲ್ಲಿ ಮಾತ್ರ ಖಜಾನೆಯ ಅಧಿಕಾರಿಯ ಗಾಂಭೀರ್ಯ. ದಾಕ್ಷಾಯಣಮ್ಮ ಬೇಡದ ಸೀರೆಗಳನ್ನೆಲ್ಲ ತೆಗೆಸಿ ನೋಡಿ, ಕಡೆಗೆ ಕೆಂಪಂಚಿನ ಒಂದು ಸೀರೆಯನ್ನು ಬೆರಳ ತುದಿಯಿಂದ ಸರಿಸಿದಳು.

"ಇದಕ್ಕೆಷ್ಟು ರಾಯರ?"

"ಆರೂವರೆ ರೂಪಾಯಿ, ಅಮ್ಮಾ."

"ಹೇಳೋ ಬೆಲಿ ಇರಲಿ, ಕೊಡೋ ಬೆಲಿ ಹೇಳ್ರಿ."

"ಹೇಳೋದೂ ಅದೇ, ಕೊಡೋದೂ ಅದೇ."

ಆಕೆ ನಕ್ಕಳು. ಅಂಚು ಸಣ್ಣದೆಂದಳು, ನೂಲು ಒರಟೆಂದಳು. ನಿಮ್ಮ ತಂದೆಯವರು ಎಂಥ ದೊಡ್ಡ ಮನುಷ್ಯರು ಎಂದಳು. ರಾಘಣ್ಣನ ತಂದೆ ಯಾರೆಂಬುದು ಆಕೆಗೆ ಗೊತ್ತೇ ಇರಲಿಲ್ಲ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಆರೂವರೆ ರೂಪಾಯಿ, ಅಮ್ಮಾ" ಎಂದ. ಕೊನೆಗೆ ಆಕೆ ತನ್ನ ಬ್ರಹ್ಮಾಸ್ತ್ರ ತೆಗೆದಳು. ಎದ್ದಳು. ಸೆರಗು ಸರಿಮಾಡಿದಳು. ಚಪ್ಪಲಿ ಹುಡುಕಿದಳು. ಮೆಟ್ಟಿಲ ಮೇಲೆ ಸೊಂಟ ಹಿಡಿದು ನಿಂತಳು. ಇನ್ನೂ ಸ್ವಲ್ಪ ನಿಂತಳು. ಬೇರೆ ದಾರಿಯಿಲ್ಲದೆ ಕೆಳಗಿಳಿದು ಗಾಡಿಯವರೆಗೂ ಬಂದುಬಿಟ್ಟಳು.

ಗಾಡಿ ಹೊಡೆಯುವ ಉಚ್ಚೆಂಗೆಪ್ಪ ಎತ್ತಿಗೆ ಮೇವು ಹಾಕುತ್ತಿದ್ದ.

"ಲೇ ಉಚ್ಚೆಂಗೆಪ್ಪ, ಒಳಗಿಂದ ಯಾರರ ಕರದ್ರೇನು?"

"ಇಲ್ರಿ ಅವ್ವಾರ."

"ಸರಿಯಾಗಿ ಕೇಳಲೇ."

ಅವನು ಕಿವಿಗೊಟ್ಟು ಕೇಳಿದ. ಅಷ್ಟರಲ್ಲಿ ವೀರಭದ್ರಮ್ಮ ಸೀರೆಯ ಗಂಟು ಹಿಡಿದು ನಗುತ್ತಾ ಹೊರಗೆ ಬಂದಳು. "ಎಷ್ಟು ಲಗೂ ಮುಗೀತಕ್ಕಾ! ಚೀಟಿ ನೋಡಿದೆ, ರೊಕ್ಕ ಕೊಟ್ಟೆ, ತಗೊಂಡೆ. ಬಾಯಿ ಸೈತ ನೋಯಲಿಲ್ಲ."

ದಾಕ್ಷಾಯಣಮ್ಮನಿಗೆ ಬಿಸಿಲು ಎಂದಿಗಿಂತ ಜಾಸ್ತಿ ಎನಿಸಿತು.

ಮನಸ್ಸು ಸರಿಮಾಡಿಕೊಳ್ಳಲು ಆಕೆ ಗಾಡಿಯನ್ನು ನೇರ ಚಿದಾನಂದಪ್ಪನ ಅಂಗಡಿಗೆ ಹೊಡೆಸಿದಳು. ಅಲ್ಲಿ ಅಂಥದೇ ಒಂದು ಸೀರೆ ಹಿಡಿದಳು. ಅವನು ಹನ್ನೆರಡು ಎಂದ. ಆಕೆ ಐದು ಎಂದಳು. ತಂದೆ ಧರ್ಮಾತ್ಮನಾದ, ನೂಲು ಒರಟಾಯಿತು, ಚಪ್ಪಲಿ ಕಳೆಯಿತು, ಕೂಗು ಬಂತು. ಎಂಟಕ್ಕೆ ನಿಂತಿತು. ಗೆದ್ದ ಖುಷಿಯಲ್ಲಿ ಖಣಕ್ಕೆ ಕೈ ಚಾಚಿದವಳಿಗೆ ಥಟ್ಟನೆ ಲೆಕ್ಕ ಹೊಳೆಯಿತು. ಚಾಚಿದ ಕೈ ಅಲ್ಲೇ ನಿಂತಿತು.

"ಚಿದಾನಂದಪ್ಪಾ, ಅಲ್ಲಿ ಇದು ಆರೂವರಿ ಐತಿ! ಇಷ್ಟು ವರ್ಷ ನಾ ಗೆದ್ದೆ ಗೆದ್ದೆ ಅಂತ ಹೋಗಿದ್ದು ಬರೇ ಸುಳ್ಳೇನು?"

ಚಿದಾನಂದಪ್ಪ ಒಂದಿಷ್ಟೂ ನಾಚಲಿಲ್ಲ. ಮಜ್ಜಿಗೆಯ ಲೋಟವನ್ನು ಆಕೆಯ ಕಡೆ ಸರಿಸಿ ಹೇಳಿದ: "ಅಕ್ಕಾರ, ನೀವು ಇಲ್ಲಿ ಸೀರಿ ಒಂದ ಒಯ್ತೀರೇನು? ಅರ್ಧ ದಿನ ಕುಂತು ಬೈತೀರಿ, ನಗ್ತೀರಿ, ಗೆದ್ದು ಎದ್ದು ಹೋಗ್ತೀರಿ. ನಾ ಸೋತೆ ಅಂತ ಊರ ತುಂಬ ಹೇಳ್ತೀರಿ. ಅದಕ್ಕೆಲ್ಲ ಬೆಲಿ ಇಲ್ಲೇನ್ರಿ?"

ಆಕೆಗೆ ಸಿಟ್ಟು ಬಂತು. ಮಜ್ಜಿಗೆ ಕುಡಿದಳು. ಮಜ್ಜಿಗೆಗೆ ಇಂಗಿನ ಒಗ್ಗರಣೆ ಬಿದ್ದಿತ್ತು, ಸಿಟ್ಟು ಅರ್ಧ ಇಳಿಯಿತು. ಆದರೂ ಸೀರೆ ತೆಗೆದುಕೊಳ್ಳದೆ ಎದ್ದು ಬಂದಳು.

ಆ ದಿನ ಕುರುಗೋಡಿನ ತವರುಮನೆಯಲ್ಲಿ ವಸ್ತಿ. ವೀರಭದ್ರಮ್ಮ ಎಲ್ಲರಿಗೂ ಸೀರೆ ಬಿಚ್ಚಿ ತೋರಿಸುವಾಗ ದಾಕ್ಷಾಯಣಮ್ಮನ ತಮ್ಮನ ಹೆಂಡತಿ ತೊಳೆದ ಕೈಯನ್ನು ಒರೆಸಿಕೊಳ್ಳದೆ ಅಂಚು ಮುಟ್ಟಿ ನೋಡಿದಳು. ಬೆರಳೆಲ್ಲ ಕುಂಕುಮದ ಭರಣಿಗೆ ಅದ್ದಿದಂತೆ ಕೆಂಪಾಯಿತು. ಹಸೆಯ ಮೇಲೆ ಮಗಳ ಸೀರೆಗೆ ನೀರು ಬಿದ್ದರೆ ಗತಿಯೇನೆಂದು ವೀರಭದ್ರಮ್ಮ ಅಳುವುದಕ್ಕೆ ಕೂತಳು. ದಾಕ್ಷಾಯಣಮ್ಮನ ಮುಖದಲ್ಲಿ ಮಾತ್ರ ಆಗ ತಿರುಗಿ ಕಳೆ ಬಂತು. "ಅಳಬ್ಯಾಡ. ಮುಂಜಾನೆದ್ದು ತಿರುಗಿ ಹೋಗೂನು" ಎಂದಳು.

ಮರುದಿನ ಅವರು ಹೋದಾಗ ಕಂಪನಿ ಅಂಗಡಿಯಲ್ಲಿ ಜನ ತುಂಬಿತ್ತು. ವೀರಭದ್ರಮ್ಮ ಸೀರೆ ಮುಂದಿಟ್ಟು ಬಣ್ಣ ಹೋಗುತ್ತದೆಂದು ಹೇಳಿದಳು. ರಾಘಣ್ಣ ಬಾಗಿಲ ಮೇಲಿನ ಹಲಗೆ ತೋರಿಸಿದ. "ಮಾರಿದ ಮಾಲು ತಿರುಗಿ ತಗೊಳ್ಳೋದಿಲ್ಲಮ್ಮಾ. ನಮ್ಮ ಕಂಪನಿ ಮಾಲು ಬಣ್ಣ ಬಿಡೋದೂ ಇಲ್ಲ."

"ಹೌದೌದು" ಎಂದಳು ದಾಕ್ಷಾಯಣಮ್ಮ, ಸಕ್ಕರೆಯಂಥ ದನಿಯಲ್ಲಿ. "ಆಕಿಗೇನು ಗೊತ್ತಾಗ್ತೈತಿ? ನನಗಂತೂ ಈ ಸೀರಿ ಭಾಳ ಮನಸಿಗೆ ಬಂದೈತಿ ರಾಯರ. ಇಂಥದಽ ಇನ್ನೊಂದು ಕೊಡ್ರಿ. ಎಷ್ಟು?"

"ಆರೂವರೆ ರೂಪಾಯಿ, ಅಮ್ಮಾ."

"ಆಗಂಗಿಲ್ಲ. ಏಳು ತಗೋರಿ."

ರಾಘಣ್ಣ ತಪ್ಪಾಗಿ ಕೇಳಿಸಿತೆಂದುಕೊಂಡ. "ಆರೂವರೆ, ಅಮ್ಮಾ."

"ಇಂಥಾ ಸೀರಿಗಿ ಆರೂವರಿ ಕೊಟ್ರ ದೇವರು ಮೆಚ್ಚಂಗಿಲ್ಲ. ಏಳೂವರಿ."

ಜನ ತಿರುಗಿ ನೋಡಿದರು. ಕಡಿಮೆ ಕೇಳಿದವರಿಗೆ ಏನು ಹೇಳಬೇಕೆಂದು ಕಂಪನಿ ಅವನಿಗೆ ಕಲಿಸಿತ್ತು. ಹೆಚ್ಚಿಗೆ ಕೊಡುತ್ತೇನೆಂದವರಿಗೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಪೆಟ್ಟಿಗೆಯಲ್ಲಿ ಒಂದು ಕಾಸು ಹೆಚ್ಚಾದರೂ ಮದರಾಸಿನಿಂದ ಬರುವ ದೊರೆ ಕಳ್ಳನನ್ನು ನೋಡಿದಂತೆ ನೋಡುತ್ತಿದ್ದ.

"ಹೆಚ್ಚಿಗೆ ತಗೊಳ್ಳಿಕ್ಕೆ ಬರೋದಿಲ್ಲಮ್ಮಾ."

"ಯಾಕ ಬರಂಗಿಲ್ಲ? ನೂಲು ನೋಡ್ರಿ, ಬೆಣ್ಣಿ ಇದ್ದಂಗೈತಿ. ಎಂಟು."

"ಅಷ್ಟೇನೂ ನುಣುಪಿಲ್ರೀ ಅದು."

"ಅಂಚು ನೋಡ್ರಿ ಎಷ್ಟು ಅಗಲ! ಎಂಟೂವರಿ. ಬ್ಯಾಡಂದ್ರ ನಿಮ್ಮ ದೊರಿಗಿ ಕಾಗದ ಬರಸ್ತೀನಿ, ಬಂದ ಲಾಭಾ ಒದ್ದಾರ ನಿಮ್ಮ ರಾಯರು ಅಂತ."

ರಾಘಣ್ಣನ ಕೋಟಿನೊಳಗೆ ಬೆವರು ಇಳಿಯಿತು. ತಿಂಗಳುಗಟ್ಟಲೆ ಒಂದೇ ಮಾತು ಹೇಳಿಕೊಂಡಿದ್ದ ಬಾಯಿ ಈಗ ದಾರಿ ತಪ್ಪಿತು. "ಅಮ್ಮಾ, ದಮ್ಮಯ್ಯ, ಅಂಚು ಅಗಲ ಇಲ್ಲ. ಸಣ್ಣದೇ ಅದ. ಉದ್ದಕ್ಕೂ ಚೂರು ಕಮ್ಮೀನೇ."

"ಬಣ್ಣ? ಇಂಥಾ ಕೆಂಪು ಬಣ್ಣಕ್ಕಽ ಒಂಬತ್ತು ಕೊಡಬೇಕು!"

"ಯಾವ ಬಣ್ಣಾರೀ!" ರಾಘಣ್ಣ ಹೆಚ್ಚುಕಡಿಮೆ ಕಿರುಚಿದ. "ಒಂದು ಸಲ ನೀರು ತಗಲಿದ್ರ ಎಲ್ಲಾ ಹೋಗ್ತದ! ಒಂಬತ್ತು ಯಾಕೆ ಕೊಡ್ತೀರಿ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕೈಯಲ್ಲಿ ಕೆಂಪಂಚಿನ ಸೀರೆ ಹಿಡಿದಿದ್ದ ಹೆಂಗಸೊಬ್ಬಳು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ರಾಘಣ್ಣ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ.

ದಾಕ್ಷಾಯಣಮ್ಮ ಮೇಜಿನ ಮೇಲೆ ಬಾಗಿ ಅವನಿಗಷ್ಟೇ ಕೇಳುವಂತೆ ಹೇಳಿದಳು: "ನಿಮ್ಮದೇನು ತಪ್ಪಿಲ್ಲ ರಾಯರ. ಆಕಿ ಸೀರಿ ತಗೊಂಡು ರೊಕ್ಕ ಕೊಡ್ರಿ. ನಾವು ಸುಮ್ಮನ ಹೋಗ್ತೀವಿ."

ಬಾಗಿಲ ಮೇಲಿನ ಹಲಗೆ ಅಲ್ಲೇ ಇತ್ತು. ಅದರ ಕೆಳಗೇ ರಾಘಣ್ಣ ಹಣ ತಿರುಗಿ ಕೊಟ್ಟ.

ಸುದ್ದಿ ಅವರ ಗಾಡಿಗಿಂತ ಮೊದಲೇ ಬ್ರೂಸ್ ಪೇಟೆ ಮುಟ್ಟಿತ್ತು. ಚಿದಾನಂದಪ್ಪ ಅಂಗಡಿ ಬಿಟ್ಟಿಳಿದು ಎದುರು ಬಂದು ಸ್ವಾಗತ ಮಾಡಿದ. ಉಪಕಾರ ಮಾಡಿದಿರೆಂದು ಅವನು ಹಲ್ಲು ಕಿರಿಯುವಷ್ಟರಲ್ಲಿ ಆಕೆ ಜಮಖಾನೆಯ ಮೇಲೆ ಕೂತು, "ಆರೂವರಿಯಿಂದ ಮಾತು ಸುರು ಮಾಡು" ಎಂದಳು. ಮದುವೆಯ ಸೀರೆ ಅಲ್ಲಿಯೇ ಕೊಂಡದ್ದಾಯಿತು. ಕೊಡುವ ಮುಂಚೆ ಅವನು ತಂಬಿಗೆ ನೀರು ತರಿಸಿ ಅಂಚಿಗೆ ಹನಿಸಿ ತೋರಿಸಬೇಕಾಯಿತು. ಖಣ ಒಂದಲ್ಲ, ಎರಡು ಬಂದವು.

ಕಂಪನಿ ಅಂಗಡಿ ಮುಚ್ಚಲಿಲ್ಲ. ಜನ ಸೀರೆಗೆ ಬ್ರೂಸ್ ಪೇಟೆಗೆ ಹೋದರು, ಛತ್ರಿಗೂ ದೀಪಕ್ಕೂ ಕಂಪನಿಗೇ ಹೋದರು. ಅವು ಅಲ್ಲಿ ನಿಜಕ್ಕೂ ಚೆನ್ನಾಗಿದ್ದವು. ದಾಕ್ಷಾಯಣಮ್ಮನಿಗೂ ಗಾಜಿನ ಚಿಮಣಿಯ ಒಂದು ದೀಪ ಬೇಕಿತ್ತು. ಕೇಳಿದ ಬೆಲೆಯನ್ನು ತನ್ನ ಕೈಯಾರೆ ಕೊಡುವುದು ಆಕೆಯಿಂದ ಆಗದ ಮಾತು. ಹಾಗಾಗಿ ಉಚ್ಚೆಂಗೆಪ್ಪನನ್ನು ಕಳಿಸಿ ತಾನು ದೂರದಲ್ಲಿ ಗಾಡಿಯೊಳಗೆ ಮುಖ ತಿರುಗಿಸಿಕೊಂಡು ಕೂತಳು. ರಾಘಣ್ಣ ದೀಪದ ಜೊತೆಗೆ ಒಂದು ಬತ್ತಿಯನ್ನೂ ಕಟ್ಟಿಕೊಟ್ಟು, "ಇದು ಕಂಪನಿದಲ್ಲ, ನಂದು. ಅಮ್ಮಾರಿಗೆ ಹೇಳು, ಒಳಗ ಮಾತ್ರ ಬರಬ್ಯಾಡ್ರಿ ಅಂತ" ಎಂದು ಹೇಳಿ ಕಳಿಸಿದ್ದ.

ಮುಂದಿನ ವರ್ಷ ಕಾಲಕ್ಕೆ ತಕ್ಕ ಹಾಗೆ ಇರಬೇಕೆಂದು ಚಿದಾನಂದಪ್ಪನೂ ಸೀರೆಗಳಿಗೆ ಬೆಲೆಯ ಚೀಟಿ ಅಂಟಿಸಿದ. ದಾಕ್ಷಾಯಣಮ್ಮ ಬಂದು ಒಂದು ಚೀಟಿಯನ್ನು ಮುಟ್ಟಿ, ಇದೇನೆಂದಳು.

"ಬೆಲಿ ರೀ ಅಕ್ಕಾರ. ಇನ್ಮ್ಯಾಲೆ ಒಂದೇ ಬೆಲಿ."

"ಚಲೋ ಆತು" ಎಂದು ಆಕೆ ಕಾಲು ಮಡಚಿ ಕೂತಳು. "ಸೀರಿ ಆಮ್ಯಾಲೆ ನೋಡೂನು. ಮದಲು ಈ ಚೀಟಿ ಎಷ್ಟಕ್ಕ ಬಿಡ್ತಿ ಹೇಳು."

ಚಿದಾನಂದಪ್ಪ ಆಕೆಯ ಮುಖ ನೋಡಿದ, ಚೀಟಿ ನೋಡಿದ, ಒಳಗೆ ತಿರುಗಿ ಮಜ್ಜಿಗೆ ತರಲು ಹೇಳಿದ.